ಅಂಕಿಗೂ ಒಂದು ಊರಿದೆ

ಮಳೆ, ಜನಸಂಖ್ಯೆ, ಬೆಳೆ, ಬಾವಿಯ ಆಳ, ಊರಿಂದ ಊರಿಗಿರುವ ದೂರ: ಭೂಗೋಳ ಓದುವವರ ಕೈಗೆ ಬರುವ ಮಾಹಿತಿಯಲ್ಲಿ ಬಹುಪಾಲು ಅಂಕಿಯ ರೂಪದಲ್ಲಿರುತ್ತದೆ. ಗಣಿತದ ಪುಸ್ತಕದ ಅಂಕಿಗೆ ಊರಿನ ಹಂಗಿಲ್ಲ. ಭೂಗೋಳದ ಪ್ರತಿ ಅಂಕಿಯ ಹಿಂದೆ ಒಂದು ಜಾಗ, ಒಂದು ಕಾಲ ಇದ್ದೇ ಇರುತ್ತದೆ. ಅವೆರಡನ್ನೂ ಕಳಚಿಟ್ಟು ಸರಾಸರಿ ತೆಗೆದರೆ ಲೆಕ್ಕ ಸರಿಯಾಗಿಯೇ ಬರಬಹುದು, ಊರು ಮಾತ್ರ ಕಾಣೆಯಾಗುತ್ತದೆ. ಹೈಸ್ಕೂಲಿನ ಗಣಿತದಲ್ಲಿ ಕಲಿತ ಸರಾಸರಿ, ಮಧ್ಯಾಂಕ, ಬಹುಲಕಗಳು ಪಿಯುಸಿ ಭೂಗೋಳದ ಪ್ರಾಯೋಗಿಕ ಅಭ್ಯಾಸದಲ್ಲಿ ಮತ್ತೆ ಎದುರಾಗುವುದು ಈ ಕಾರಣಕ್ಕೆ.

ಮುಂದಿನ ಸಂವಾದ ವಿಜಯಪುರ ನಗರದ ಇಬ್ರಾಹಿಂಪುರದಲ್ಲಿ ಭೂಗೋಳ ಕಲಿಸುವ ಶಿಕ್ಷಕರೊಬ್ಬರು ಮತ್ತು ಅದೇ ಬಡಾವಣೆಯ ವಿದ್ಯಾರ್ಥಿನಿಯೊಬ್ಬಳ ನಡುವಿನದು. ಅವಳ ಅಜ್ಜನ ಹೊಲ ತಿಕೋಟಾ ಕಡೆ ಇದೆ. ಇಲ್ಲಿ ಬರುವ ಮಳೆ, ಹೊಲ ಮತ್ತು ಹಳ್ಳಿಗಳ ಬಿಡಿ ಅಂಕಿಗಳು ಅಭ್ಯಾಸಕ್ಕೆಂದು ಹಾಕಿಕೊಂಡವು; ಜನಗಣತಿಯ ಮತ್ತು ಸರ್ಕಾರಿ ವರದಿಯ ಅಂಕಿಗಳು ನಿಜವಾದವು.

ವಿದ್ಯಾರ್ಥಿನಿ: ಸರ್, ಮನೆಯ ಮಾಳಿಗೆ ಮೇಲೆ ಬಾಟಲಿ ಇಟ್ಟು ಹತ್ತು ದಿನ ಮಳೆ ಅಳೆದಿದ್ದೇನೆ. ಸರಾಸರಿ ತೆಗೆಯಲೇ?

ಶಿಕ್ಷಕರು: ತಡಿ ತಂಗಿ. ಹೇಗೆ ಅಳೆದೆ, ಅದನ್ನು ಮೊದಲು ಹೇಳು.

ವಿದ್ಯಾರ್ಥಿನಿ: ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಲಾಳಿಕೆಯ ಹಾಗೆ ಕೂರಿಸಿದೆ. ಹೊರಗೆ ಅಳತೆಪಟ್ಟಿ ಅಂಟಿಸಿದೆ. ಬಾಟಲಿಯ ತಳ ಉಬ್ಬುತಗ್ಗಾಗಿತ್ತು, ಅದಕ್ಕೆ ಸೊನ್ನೆಯ ಗೆರೆವರೆಗೆ ಮೊದಲೇ ನೀರು ಹಾಕಿಟ್ಟೆ.

ಶಿಕ್ಷಕರು: ಒಳ್ಳೆಯ ಕೆಲಸ. ಬಾಟಲಿಯ ಕತ್ತರಿಸಿದ ಬಾಯಿಯೂ ಹೊಟ್ಟೆಯೂ ಒಂದೇ ಅಗಲ ಇದ್ದರೆ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಪ್ರಮಾಣ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ ಹತ್ತು ಚದರ ಮೀಟರ್ ಇದ್ದು 20 ಮಿ.ಮೀ. ಮಳೆ ಬಿದ್ದರೆ ಇನ್ನೂರು ಲೀಟರ್ ಆಯಿತು. ಓದುವುದು ಯಾವ ಹೊತ್ತಿಗೆ?

ವಿದ್ಯಾರ್ಥಿನಿ: ಬೆಳಿಗ್ಗೆ ಎಂಟೂವರೆಗೆ. ನೀವೇ ಹೇಳಿದ್ದಿರಿ.

ಶಿಕ್ಷಕರು: ಹವಾಮಾನ ಇಲಾಖೆಯ ರೂಢಿಯೂ ಅದೇ. ಹಿಂದಿನ ದಿನ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಇವತ್ತಿನ ಮಳೆ. ನಿನ್ನೆ ಸಂಜೆ ಗುಡುಗು ಸಿಡಿಲಿನ ಜೊತೆ ಸುರಿದದ್ದೂ ಇವತ್ತಿನ ಖಾತೆಗೇ ಹೋಗುತ್ತದೆ. ಇದು ಗೊತ್ತಿಲ್ಲದೆ ಪತ್ರಿಕೆಯ ಸುದ್ದಿ ಮತ್ತು ಮಳೆಯ ಪಟ್ಟಿಯನ್ನು ಹೋಲಿಸಿದವರು ಒಂದು ದಿನ ಹಿಂದೆಮುಂದೆ ಆಗುತ್ತಾರೆ. ಈಗ ನಿನ್ನ ಅಂಕಿ ಓದು.

ವಿದ್ಯಾರ್ಥಿನಿ: ಸೊನ್ನೆ, ಸೊನ್ನೆ, 14, ಸೊನ್ನೆ, 3. ಆರನೆಯ ಮತ್ತು ಏಳನೆಯ ದಿನ ಅಜ್ಜನ ಊರಿಗೆ ಹೋಗಿದ್ದೆ, ಖಾಲಿ ಬಿಟ್ಟಿದ್ದೇನೆ. ಆಮೇಲೆ ಸೊನ್ನೆ, 41, 2. ಒಟ್ಟು 60 ಮಿಲಿಮೀಟರ್. ಹತ್ತು ದಿನಕ್ಕೆ ಭಾಗಿಸಿದರೆ ಆರು.

ಶಿಕ್ಷಕರು: ಹತ್ತಕ್ಕೆ ಏಕೆ ಭಾಗಿಸಿದೆ? ಅಳೆದದ್ದು ಎಂಟೇ ದಿನ. ಸೊನ್ನೆ ಅಂದರೆ ನೋಡಿದೆ, ಮಳೆ ಇರಲಿಲ್ಲ ಅಂತ. ಖಾಲಿ ಅಂದರೆ ನೋಡಲೇ ಇಲ್ಲ ಅಂತ. ಖಾಲಿಯನ್ನು ಸೊನ್ನೆ ಮಾಡಿದರೆ ನೀನು ಕಾಣದ ಎರಡು ದಿನಗಳ ಮೇಲೆ ಬರಗಾಲ ಹೊರಿಸಿದ ಹಾಗೆ. ಎಂಟಕ್ಕೆ ಭಾಗಿಸು, ದಿನಕ್ಕೆ 7.5 ಬರುತ್ತದೆ. ಪಟ್ಟಿಯಲ್ಲಿ ಆ ಎರಡು ದಿನಗಳ ಮುಂದೆ ಅಡ್ಡಗೆರೆ ಎಳೆದು, ಅಳೆದಿಲ್ಲ ಅಂತ ಬರೆದಿಡು.

ವಿದ್ಯಾರ್ಥಿನಿ: ಆದರೆ ಸರ್, ಯಾವ ದಿನವೂ ಏಳೂವರೆ ಮಿಲಿಮೀಟರ್ ಮಳೆ ಆಗಲೇ ಇಲ್ಲ.

ಶಿಕ್ಷಕರು: ಸರಿಯಾಗಿ ಹಿಡಿದೆ. ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸು: ನಾಲ್ಕು ಸೊನ್ನೆ, ಆಮೇಲೆ 2, 3, 14, 41. ನಡುವಿನವು ಸೊನ್ನೆ ಮತ್ತು 2. ಅವುಗಳ ಮೊತ್ತದ ಅರ್ಧ 1. ಅದು ಮಧ್ಯಾಂಕ. ಹೆಚ್ಚು ಸಲ ಬಂದದ್ದು ಸೊನ್ನೆ, ಅದು ಬಹುಲಕ. ಒಂದೇ ಮಾಳಿಗೆ, ಒಂದೇ ಬಾಟಲಿ, ಮೂರು ಉತ್ತರ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ ಮಾತ್ರ ಮಳೆಯ ದಿನ. ಹಾಗೆ ನೋಡಿದರೆ ನಿನಗೆ ಸಿಕ್ಕದ್ದು ಮೂರೇ ಮಳೆಯ ದಿನ, ಮತ್ತು ಒಟ್ಟು ಮಳೆಯ ಮೂರರಲ್ಲಿ ಎರಡು ಪಾಲು ಒಂದೇ ದಿನದ್ದು. ವಿಜಯಪುರದ ಮಳೆಯ ಗುಣ ಈ ಸಣ್ಣ ಪಟ್ಟಿಯಲ್ಲೇ ಕಾಣುತ್ತದೆ. ಸಹ್ಯಾದ್ರಿಯ ಮಳೆನೆರಳಿನ ಸೀಮೆ ಇದು. ಬಿದ್ದರೆ ಒಮ್ಮೆಲೇ, ಇಲ್ಲದಿದ್ದರೆ ಇಲ್ಲ. ಒಂದು ಹೊಲ ತೊಯ್ದರೆ ಬದುವಿನಾಚೆಯದು ಒಣಗಿರುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ಒಂದು ಬಾಟಲಿಯಿಂದ ಇಡೀ ಊರಿನ ಮಳೆ ಹೇಳಲಿಕ್ಕೆ ಆಗುವುದಿಲ್ಲ.

ಶಿಕ್ಷಕರು: ಆಗುವುದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದು ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿರುವುದು ಅದಕ್ಕೆ. ನೀನು ನಿನ್ನ ಕೈಯಾರೆ ಅಳೆದದ್ದು ಪ್ರಾಥಮಿಕ ದತ್ತಾಂಶ. ಕೇಂದ್ರದ ಪಟ್ಟಿಯಿಂದ, ಜನಗಣತಿಯಿಂದ, ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಪುಸ್ತಕದಿಂದ ಎತ್ತಿಕೊಂಡದ್ದು ದ್ವಿತೀಯಕ ದತ್ತಾಂಶ. ಎರಡಕ್ಕೂ ಕೇಳುವ ಪ್ರಶ್ನೆ ಒಂದೇ: ಎಲ್ಲಿಯದು, ಯಾವಾಗಿನದು, ಅಳೆದವರು ಯಾರು, ಹೇಗೆ ಅಳೆದರು.

ಅಂಕಿ ಕೂಡಿಸಿಟ್ಟ ಮೇಲೆ ಅವುಗಳನ್ನು ವರ್ಗಗಳಾಗಿ ವಿಂಗಡಿಸುವ ಕೆಲಸ ಬರುತ್ತದೆ. ಒಂದು ವರ್ಷದ 365 ದಿನಗಳ ಮಳೆಯನ್ನು ಹಾಗೆಯೇ ಮುಂದಿಟ್ಟರೆ ಯಾರಿಗೂ ಏನೂ ತಿಳಿಯದು. ಅವನ್ನು ವಾರಕ್ಕೋ ತಿಂಗಳಿಗೋ ಗುಂಪು ಮಾಡಿದಾಗ ಆಕಾರ ಕಾಣತೊಡಗುತ್ತದೆ. ಯಾವ ಅಳತೆಗೆ ಗುಂಪು ಮಾಡಬೇಕು ಎಂಬುದು ಇಡೀ ವಿಶ್ಲೇಷಣೆಯನ್ನು ನಿರ್ಧರಿಸುವ ಆಯ್ಕೆ.

ವಿದ್ಯಾರ್ಥಿನಿ: ನನ್ನ ಅಜ್ಜ ತಿಂಗಳು ಎನ್ನುವುದೇ ಇಲ್ಲ ಸರ್. ಉತ್ತರಿ ಆಗಲಿಲ್ಲ, ಹಸ್ತ ನಂಬಬೇಕು ಅಂತಾನೆ.

ಶಿಕ್ಷಕರು: ನಿನ್ನ ಅಜ್ಜ ಮಾಡುತ್ತಿರುವುದೂ ಅಂಕಿಅಂಶದ ಕೆಲಸವೇ. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಅದು ಅವರ ವರ್ಗಾಂತರ. ಉತ್ತರಿ ಸೆಪ್ಟೆಂಬರ್ ನಡುವಿನ ಹೊತ್ತಿಗೆ ಹೂಡುತ್ತದೆ, ಹಸ್ತ ತಿಂಗಳ ಕೊನೆಗೆ, ಚಿತ್ತಿ ಅಕ್ಟೋಬರಿನಲ್ಲಿ. ಹಿಂಗಾರಿ ಬಿಳಿಜೋಳ ಬಿತ್ತುವವನಿಗೆ ಸೆಪ್ಟೆಂಬರಿನ ಒಟ್ಟು ಮಳೆ ಸಾಲದು, ಅದು ತಿಂಗಳ ಯಾವ ಅರ್ಧದಲ್ಲಿ ಬಂತು ಎನ್ನುವುದು ಬೇಕು. ಡೋಣಿ ನದಿ ಸಾಲಿನ ಎರೆಭೂಮಿ ಆ ಹೊತ್ತಿಗೆ ನೀರು ಕುಡಿದಿದ್ದರೆ ಮುಂದೆ ಮಳೆಯಿಲ್ಲದೆಯೂ ಜೋಳ ತೆನೆ ಹಿಡಿಯುತ್ತದೆ. ತಿಂಗಳ ಲೆಕ್ಕ ಆ ಹದವನ್ನು ನುಂಗಿಬಿಡುತ್ತದೆ. ಹದಿಮೂರೂವರೆ ದಿನದ ಲೆಕ್ಕ ಉಳಿಸಿಕೊಳ್ಳುತ್ತದೆ. ನಮ್ಮ ಮಕ್ಕಳು ಮಳೆಯ ಸ್ತಂಭಾಲೇಖವನ್ನು ಒಮ್ಮೆಯಾದರೂ ನಕ್ಷತ್ರದ ಲೆಕ್ಕದಲ್ಲಿ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ.

ವಿದ್ಯಾರ್ಥಿನಿ: ಹಾಗಾದರೆ ಸಣ್ಣ ವರ್ಗಾಂತರ ಯಾವಾಗಲೂ ಒಳ್ಳೆಯದೇ?

ಶಿಕ್ಷಕರು: ಎಲ್ಲ ಕಡೆಯೂ ಅಲ್ಲ. ಬಹಳ ಸಣ್ಣದಾದರೆ ಮತ್ತೆ ಬಿಡಿ ಅಂಕಿಗಳ ರಾಶಿಯೇ ಉಳಿಯುತ್ತದೆ. ಸಮ ಅಂತರವೂ ಎಲ್ಲ ಕಡೆ ಹೊಂದುವುದಿಲ್ಲ. ಕರ್ನಾಟಕದ ಜಿಲ್ಲೆಗಳ ಜನಸಾಂದ್ರತೆ ನೋಡು. 2011ರ ಜನಗಣತಿಯ ಹೊತ್ತಿಗೆ 30 ಜಿಲ್ಲೆಗಳಿದ್ದವು. ಅತಿ ಕಡಿಮೆ ಕೊಡಗಿನದು, ಚದರ ಕಿಲೋಮೀಟರಿಗೆ 135 ಜನ. ಅತಿ ಹೆಚ್ಚು ಬೆಂಗಳೂರು ನಗರದ್ದು, 4,381. ವ್ಯಾಪ್ತಿ ಎಷ್ಟಾಯಿತು?

ವಿದ್ಯಾರ್ಥಿನಿ: 4,246. ಐದು ಸಮ ವರ್ಗ ಮಾಡಿದರೆ ಒಂದೊಂದು ಸುಮಾರು 850.

ಶಿಕ್ಷಕರು: ಬೆಂಗಳೂರು ನಗರ ಬಿಟ್ಟರೆ ಆಗ ಯಾವ ಜಿಲ್ಲೆಯೂ 500 ಮುಟ್ಟಿರಲಿಲ್ಲ. ಈಗ ನಕ್ಷೆಗೆ ಬಣ್ಣ ತುಂಬು.

ವಿದ್ಯಾರ್ಥಿನಿ: 29 ಜಿಲ್ಲೆ ಮೊದಲನೆಯ ವರ್ಗದಲ್ಲಿ ಬರುತ್ತವೆ. ನಡುವಿನ ಮೂರು ವರ್ಗ ಖಾಲಿ. ಕೊನೆಯದರಲ್ಲಿ ಬೆಂಗಳೂರು ಒಂದೇ. ಇಡೀ ನಕ್ಷೆ ಒಂದೇ ಬಣ್ಣ, ಅದರಲ್ಲಿ ಒಂದು ಕಪ್ಪು ಚುಕ್ಕೆ!

ಶಿಕ್ಷಕರು: ವಿಜಯಪುರದ 207ಕ್ಕೂ ಮೈಸೂರಿನ 476ಕ್ಕೂ ಆ ನಕ್ಷೆಯಲ್ಲಿ ವ್ಯತ್ಯಾಸವೇ ಇಲ್ಲ. ಆದ್ದರಿಂದ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ, ಎಲ್ಲಿ ದೊಡ್ಡ ಜಿಗಿತ ಕಾಣುತ್ತದೆಯೋ ಅಲ್ಲಿ ಗೆರೆ ಹಾಕಬೇಕು. ಇಲ್ಲವೇ ವರ್ಗಕ್ಕೆ ಆರಾರು ಜಿಲ್ಲೆ ಬರುವಂತೆ ಹಂಚಬೇಕು. ಯಾವುದು ಮಾಡಿದರೂ ಹಾಗೆ ಮಾಡಿದ್ದೇನೆ ಅಂತ ನಕ್ಷೆಯ ಕೆಳಗೆ ಬರೆಯಬೇಕು.

ಸರಾಸರಿ, ಮಧ್ಯಾಂಕ, ಬಹುಲಕಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಸೂತ್ರದಿಂದ ತಿಳಿಯುವಂಥದ್ದಲ್ಲ. ಅದನ್ನು ಹೇಳುವುದು ಅಂಕಿಗಳ ಹರಡಿಕೆ. ಭೂಹಿಡುವಳಿ, ಆದಾಯ, ನಗರಗಳ ಜನಸಂಖ್ಯೆ ಇಂಥವುಗಳಲ್ಲಿ ಒಂದೆರಡು ದೊಡ್ಡ ಅಂಕಿಗಳು ಸರಾಸರಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

ಶಿಕ್ಷಕರು: ಒಂದು ಊರಲ್ಲಿ ಒಂಬತ್ತು ಮಂದಿ ರೈತರು ಅಂತ ಇಟ್ಟುಕೋ. ಹೊಲ ಎಕರೆಯಲ್ಲಿ: 1, 2, 3, 3, 3, 4, 4, 5, 47.

ವಿದ್ಯಾರ್ಥಿನಿ: ಒಟ್ಟು 72. ಸರಾಸರಿ ಎಂಟು ಎಕರೆ. ಮಧ್ಯಾಂಕ ಮೂರು, ಬಹುಲಕವೂ ಮೂರು.

ಶಿಕ್ಷಕರು: ಈ ಊರಲ್ಲಿ ಒಬ್ಬ ರೈತನಿಗೆ ಸರಾಸರಿ ಎಂಟು ಎಕರೆ ಅಂತ ಬರೆದರೆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಂಬತ್ತರಲ್ಲಿ ಎಂಟು ಮಂದಿಗೆ ಅಷ್ಟು ಹೊಲವೇ ಇಲ್ಲ. ಇಂಥ ಕಡೆ ಮಧ್ಯಾಂಕ ಹೇಳಬೇಕು, ಪಕ್ಕದಲ್ಲೇ ಆ 47ನ್ನೂ ಹೇಳಬೇಕು. ಬಚ್ಚಿಡಬಾರದು.

ವಿದ್ಯಾರ್ಥಿನಿ: ಬಹುಲಕ ಎಲ್ಲಿ ಬೇಕಾಗುತ್ತದೆ ಸರ್? ಅದು ಸುಮ್ಮನೆ ಇದೆ ಅನಿಸುತ್ತದೆ.

ಶಿಕ್ಷಕರು: ಅಂಕಿಯೇ ಅಲ್ಲದ ಉತ್ತರಗಳಿಗೆ. ತಿಕೋಟಾ ಕಡೆಯ ನಲವತ್ತು ಮನೆಗೆ ಹೋಗಿ ಮುಖ್ಯ ಬೆಳೆ ಯಾವುದು ಅಂತ ಕೇಳಿದೆ ಅನ್ನು. ದ್ರಾಕ್ಷಿ, ಜೋಳ, ತೊಗರಿ, ಕಬ್ಬು ಅಂತ ಉತ್ತರ ಬರುತ್ತದೆ. ದ್ರಾಕ್ಷಿಗೂ ತೊಗರಿಗೂ ಸರಾಸರಿ ಇರುವುದಿಲ್ಲ. ಹೆಚ್ಚು ಮಂದಿ ಹೇಳಿದ್ದು ಯಾವುದೋ ಅದೇ ಬಹುಲಕ. ಆದರೆ ಆ ನಲವತ್ತು ಮನೆ ಯಾವುವು ಎನ್ನುವುದನ್ನು ನೋಡಿಕೊಳ್ಳಬೇಕು. ಡಾಂಬರು ರಸ್ತೆಯ ಬದಿಯವರನ್ನಷ್ಟೇ ಕೇಳಿದರೆ ದ್ರಾಕ್ಷಿ ಹೆಚ್ಚು ಸಿಗಬಹುದು, ಹಣ್ಣು ಸಾಗಿಸಲು ಗಾಡಿ ಹತ್ತಿರ ಬರಬೇಕಲ್ಲ. ಒಳದಾರಿಯ ಮನೆಗಳೂ ತಾಂಡಾಗಳೂ ಬಿಟ್ಟುಹೋಗುತ್ತವೆ. ಊರಿನ ಮನೆಗಳ ಪಟ್ಟಿ ಇಟ್ಟುಕೊಂಡು ಪ್ರತಿ ಹತ್ತನೆಯ ಮನೆಗೆ ಹೋಗುವುದು ಶಾಲೆಯ ಮಕ್ಕಳಿಗೆ ಸುಲಭವಾದ ಪದ್ಧತಿ.

ನಡುವಿನ ಅಂಕಿ ಗೊತ್ತಾದ ಮೇಲೆ ಉಳಿದವು ಅದರಿಂದ ಎಷ್ಟು ದೂರ ಚದುರಿವೆ ಎಂದು ನೋಡಬೇಕು. ಒಣಬೇಸಾಯದ ಸೀಮೆಯ ಭೂಗೋಳದಲ್ಲಿ ಈ ಚದುರುವಿಕೆಯ ತೂಕ ಸರಾಸರಿಗಿಂತ ಹೆಚ್ಚು.

ಶಿಕ್ಷಕರು: ಎರಡು ಊರು, ಐದು ವರ್ಷದ ಮಳೆ. ಮೊದಲನೆಯದರಲ್ಲಿ 560, 600, 580, 620, 590 ಮಿ.ಮೀ. ಎರಡನೆಯದರಲ್ಲಿ 310, 880, 450, 790, 520.

ವಿದ್ಯಾರ್ಥಿನಿ: ಎರಡರ ಮೊತ್ತವೂ 2,950. ಎರಡರ ಸರಾಸರಿಯೂ 590.

ಶಿಕ್ಷಕರು: ನಿನ್ನ ಅಜ್ಜ ಯಾವ ಊರಲ್ಲಿ ಇರಲು ಇಷ್ಟಪಡುತ್ತಾರೆ?

ವಿದ್ಯಾರ್ಥಿನಿ: ಮೊದಲನೆಯದರಲ್ಲಿ! ಎರಡನೆಯದರಲ್ಲಿ 310 ಬಂದ ವರ್ಷ ಬೆಳೆ ಒಣಗುತ್ತದೆ, 880 ಬಂದ ವರ್ಷ ಕೊಳೆಯುತ್ತದೆ.

ಶಿಕ್ಷಕರು: ನೀನು ಈಗ ಹೇಳಿದ್ದನ್ನು ಒಂದೇ ಅಂಕಿಯಲ್ಲಿ ಹೇಳಲಿಕ್ಕೆ ಮಾನಕ ವಿಚಲನೆ ಇದೆ. ಪ್ರತಿ ವರ್ಷದ ಮಳೆಯಿಂದ 590 ಕಳೆ. ಬಂದದ್ದನ್ನು ಅದರಿಂದಲೇ ಗುಣಿಸು. ಹೀಗೆ ಮಾಡಿದರೆ ಋಣ ಚಿಹ್ನೆ ಹೋಗುತ್ತದೆ. ಎಲ್ಲ ಕೂಡಿಸಿ ಐದಕ್ಕೆ ಭಾಗಿಸಿ ವರ್ಗಮೂಲ ತೆಗೆ.

ವಿದ್ಯಾರ್ಥಿನಿ: ಮೊದಲ ಊರಿನಲ್ಲಿ ವರ್ಗಗಳ ಮೊತ್ತ 2,000. ಐದಕ್ಕೆ ಭಾಗಿಸಿದರೆ 400, ವರ್ಗಮೂಲ 20. ಎರಡನೆಯದರ ಮೊತ್ತ 2,27,000, ಭಾಗಿಸಿದರೆ 45,400, ವರ್ಗಮೂಲ ಸುಮಾರು 213.

ಶಿಕ್ಷಕರು: ಮೊದಲ ಊರಿನಲ್ಲಿ ಮಳೆ ಸರಾಸರಿಯಿಂದ ಇಪ್ಪತ್ತು ಮಿಲಿಮೀಟರ್ ಆಚೀಚೆ ಆಡುತ್ತದೆ, ಎರಡನೆಯದರಲ್ಲಿ ಇನ್ನೂರಕ್ಕೂ ಹೆಚ್ಚು. ಇದನ್ನು ಸರಾಸರಿಗೆ ಹೋಲಿಸಿ ಶೇಕಡಾದಲ್ಲಿ ಹೇಳಿದರೆ ಮಾರ್ಪು ಗುಣಾಂಕ. ಮೊದಲನೆಯದು ಶೇ 3.4, ಎರಡನೆಯದು ಶೇ 36. ಶೇಕಡಾ ಏಕೆ ಬೇಕು ಅಂದರೆ, ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಅಲ್ಲಿ ಇನ್ನೂರು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಇಲ್ಲಿ ಅದೇ ಇನ್ನೂರು ಒಂದು ಬೆಳೆಯನ್ನು ಉಳಿಸುತ್ತದೆ ಅಥವಾ ಕೊಲ್ಲುತ್ತದೆ. ಮಳೆ ಕಡಿಮೆಯಿರುವ ಸೀಮೆಯಲ್ಲೇ ಅದರ ಏರುಪೇರೂ ಹೆಚ್ಚು ಎನ್ನುವುದು ಭಾರತದ ಮಳೆಯ ನಕ್ಷೆ ನೋಡಿದವರಿಗೆಲ್ಲ ಕಾಣುವ ಸಂಗತಿ. ಕೆರೆ, ಬಾವಿ, ಏತ ನೀರಾವರಿ ಇವೆಲ್ಲ ಈ ಶೇಕಡಾವನ್ನು ಎದುರಿಸಲು ಕಟ್ಟಿದವು. ತುಬಚಿ-ಬಬಲೇಶ್ವರ ಏತ ನೀರಾವರಿಯಾಗಲಿ, ಆದಿಲ್‌ಶಾಹಿ ಕಾಲದ ತಾಜ್ ಬಾವಡಿ, ಬೇಗಂ ತಾಲಾಬಗಳಾಗಲಿ, ಮಳೆ ಬಂದ ವರ್ಷದ ನೀರನ್ನು ಬಾರದ ದಿನಕ್ಕೆ ಅಥವಾ ಇದ್ದ ಕಡೆಯದನ್ನು ಇಲ್ಲದ ಕಡೆಗೆ ಒಯ್ಯುವ ಉಪಾಯಗಳು.

ವಿದ್ಯಾರ್ಥಿನಿ: ಪತ್ರಿಕೆಯಲ್ಲಿ ವಾಡಿಕೆಗಿಂತ ಕಡಿಮೆ ಮಳೆ ಅಂತ ಬರುತ್ತದಲ್ಲ, ಅದೂ ಇದೇ ಲೆಕ್ಕವೇ?

ಶಿಕ್ಷಕರು: ಅದು ಇನ್ನೂ ಸರಳ. ವಾಡಿಕೆ ಅಂದರೆ ಬಹಳ ವರ್ಷಗಳ ಸರಾಸರಿ. ಅದರಿಂದ ಶೇ 19ರವರೆಗೆ ಮೇಲೆ ಕೆಳಗೆ ಇದ್ದರೆ ಸಾಮಾನ್ಯ ಅಂತ ಹವಾಮಾನ ಇಲಾಖೆ ಕರೆಯುತ್ತದೆ. ಶೇ 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ. ಶೇ 60 ಮುಟ್ಟಿದರೆ ತೀವ್ರ ಕೊರತೆ. ಈ ಗೆರೆಗಳನ್ನು ಮನುಷ್ಯರೇ ಎಳೆದದ್ದು. ಶೇ 19 ಕಡಿಮೆ ಬಿದ್ದ ತಾಲ್ಲೂಕು ಸಾಮಾನ್ಯ, ಶೇ 20 ಕಡಿಮೆ ಬಿದ್ದದ್ದು ಕೊರತೆಯದು. ಎರಡರ ನಡುವೆ ಹೊಲದಲ್ಲಿ ನಿಂತವನಿಗೆ ವ್ಯತ್ಯಾಸ ಕಾಣದು.

ಜನಸಾಂದ್ರತೆ, ಸಾಕ್ಷರತೆ, ಲಿಂಗಾನುಪಾತ ಇವು ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸಿ ಪಡೆದವು. ಇವುಗಳಲ್ಲಿ ಛೇದ ಯಾವುದು ಎಂದು ನೋಡದೆ ಮುಂದೆ ಹೋಗಬಾರದು. ಸಾಕ್ಷರತೆಯ ಛೇದದಲ್ಲಿ ಇರುವವರು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ಮಾತ್ರ. 2011ರಲ್ಲಿ ವಿಜಯಪುರ ಜಿಲ್ಲೆಯ ಶೇ 67.15, ರಾಜ್ಯದ ಶೇ 75.36 ಎರಡೂ ಹಾಗೆ ಬಂದವು. ಇಡೀ ಜನಸಂಖ್ಯೆಯಿಂದ ಭಾಗಿಸಿದ ವಿದ್ಯಾರ್ಥಿಗೆ ಕಡಿಮೆ ಅಂಕಿ ಸಿಕ್ಕಿ, ಸರ್ಕಾರದ ಲೆಕ್ಕವೇ ತಪ್ಪು ಅನಿಸಿಬಿಡಬಹುದು.

ವಿದ್ಯಾರ್ಥಿನಿ: ಸಾಂದ್ರತೆಗಳ ಸರಾಸರಿ ತೆಗೆಯಬಹುದೇ? ಕೊಡಗಿನ 135, ಬೆಂಗಳೂರು ನಗರದ 4,381. ಎರಡೂ ಕೂಡಿಸಿ ಅರ್ಧ ಮಾಡಿದರೆ 2,258.

ಶಿಕ್ಷಕರು: ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್, ಬೆಂಗಳೂರು ನಗರ ಜಿಲ್ಲೆಯದು 2,196. ಜನ ಕೊಡಗಿನಲ್ಲಿ 5,54,519, ಅಲ್ಲಿ 96,21,551. ಜನವನ್ನು ಜನಕ್ಕೆ, ನೆಲವನ್ನು ನೆಲಕ್ಕೆ ಕೂಡಿಸಿ ಆಮೇಲೆ ಭಾಗಿಸು.

ವಿದ್ಯಾರ್ಥಿನಿ: 1,616 ಬಂತು. ಎಷ್ಟೊಂದು ವ್ಯತ್ಯಾಸ!

ಶಿಕ್ಷಕರು: ಕೊಡಗಿನ ನೆಲ ಹೆಚ್ಚು, ಅದರ ತೂಕವೂ ಹೆಚ್ಚು. ಬರೀ ಅರ್ಧ ಮಾಡಿದಾಗ ಎರಡೂ ಜಿಲ್ಲೆ ಒಂದೇ ಅಳತೆಯವು ಅಂತ ಒಪ್ಪಿಕೊಂಡ ಹಾಗಾಯಿತು. ಇದನ್ನು ತೂಕದ ಸರಾಸರಿ ಅನ್ನು, ನೆನಪಿರುತ್ತದೆ.

ಕಾಲದಿಂದ ಕಾಲಕ್ಕೆ ಅಂಕಿ ಹೋಲಿಸುವಾಗ ಬರುವ ತೊಡಕಿಗೆ ವಿಜಯಪುರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವಿದ್ಯಾರ್ಥಿನಿ: ನಾನು ಜಿಲ್ಲೆಯ ಜನಸಂಖ್ಯೆಯ ರೇಖಾನಕ್ಷೆ ಬರೆದೆ ಸರ್. 1991ರಲ್ಲಿ ಸುಮಾರು 29.3 ಲಕ್ಷ. 2001ರಲ್ಲಿ 18,06,918. ಹತ್ತು ವರ್ಷದಲ್ಲಿ ಶೇ 38 ಕಡಿಮೆ! ಗುಳೆ ಹೋದರೆಂದು ಬರೆದಿದ್ದೇನೆ.

ಶಿಕ್ಷಕರು: ಗುಳೆ ಹೋಗುವುದು ನಿಜ. ಆದರೆ ಹನ್ನೊಂದು ಲಕ್ಷ ಜನ ಗುಳೆ ಹೋಗಲಿಲ್ಲ. 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2001ರಲ್ಲಿ ಅಲ್ಲಿ ಸುಮಾರು 16.5 ಲಕ್ಷ ಜನ ಇದ್ದರು. ಎರಡೂ ಕೂಡಿಸು.

ವಿದ್ಯಾರ್ಥಿನಿ: 34.6 ಲಕ್ಷ. ಹಾಗಾದರೆ ಇಳಿಕೆಯೇ ಇಲ್ಲ, ಶೇ 18 ಏರಿಕೆ.

ಶಿಕ್ಷಕರು: ಜಿಲ್ಲೆಯ ಹೆಸರು ಒಂದೇ ಇತ್ತು, ಗಡಿ ಬದಲಾಗಿತ್ತು. 2001ರಿಂದ 2011ಕ್ಕೆ ಗಡಿ ಅದೇ ಇದ್ದದ್ದರಿಂದ ಆ ಹೋಲಿಕೆ ನಿಲ್ಲುತ್ತದೆ: 21,77,331, ಅಂದರೆ ಶೇ 20.5 ಹೆಚ್ಚಳ. ಆದರೆ ರೇಖೆ ಇಳಿದಾಗಲೆಲ್ಲ ಗಡಿಯ ಆಟ ಅಂತ ತಿಳಿಯಬೇಡ. ಇದೇ ಜಿಲ್ಲೆಯ ಹಳೆಯ ಪುಟ ತಿರುವು. ಆಗ ಹೆಸರು ಕಲಾದಗಿ ಜಿಲ್ಲೆ. 1872ರ ಗಣತಿಯಲ್ಲಿ ಸುಮಾರು 8.16 ಲಕ್ಷ ಜನ. 1881ರಲ್ಲಿ 6.38 ಲಕ್ಷ.

ವಿದ್ಯಾರ್ಥಿನಿ: ಶೇ 22 ಕಡಿಮೆ. ಯಾವ ಭಾಗ ಬೇರೆಯಾಯಿತು ಸರ್?

ಶಿಕ್ಷಕರು: ಯಾವ ಭಾಗವೂ ಅಲ್ಲ. ನಡುವೆ 1876ರ ಬರ ಬಂತು, ಧಾತು ಸಂವತ್ಸರದ ಬರಗಾಲ. ಜನ ಸತ್ತರು, ಉಳಿದವರಲ್ಲಿ ಬಹಳ ಮಂದಿ ಊರು ಬಿಟ್ಟರು. ಈ ಸೀಮೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲದಂತಾದರು.

ಅವಳು ಆ ಅಂಕಿಗಳಿಗೂ ರೇಖೆ ಎಳೆದು, ಸ್ವಲ್ಪ ಹೊತ್ತು ಮಾತಾಡದೆ ಎರಡು ರೇಖೆಗಳನ್ನೂ ನೋಡಿದಳು. ಕಾಗದದ ಮೇಲೆ 1991ರ ನಂತರದ ಇಳಿಜಾರು 1872ರ ನಂತರದ ಇಳಿಜಾರಿಗಿಂತ ಕಡಿದಾಗಿತ್ತು.

ಶಿಕ್ಷಕರು: ಅದಕ್ಕೇ ರೇಖೆಯ ಪಕ್ಕದಲ್ಲಿ ಕಾರಣ ಬರೆಯಬೇಕು ತಂಗಿ. ಒಂದರ ಕೆಳಗೆ ಜಿಲ್ಲೆ ವಿಭಜನೆ ಅಂತ, ಇನ್ನೊಂದರ ಕೆಳಗೆ ಬರಗಾಲ ಅಂತ.

ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡುವುದು ಮುಂದಿನ ಹಂತ. ಶಾಲೆಯ ಮಟ್ಟಕ್ಕೆ ಶ್ರೇಣಿ ಸಹಸಂಬಂಧ ಸಾಕಾಗುತ್ತದೆ.

ಶಿಕ್ಷಕರು: ಕಾಲುವೆಯಿಂದ ದೂರ ಹೋದಂತೆ ಬೋರು ಆಳವಾಗುತ್ತದೆಯೇ? ಐದು ಊರಿನ ದೂರಕ್ಕೆ ಶ್ರೇಣಿ ಕೊಡು: 1, 2, 3, 4, 5. ಅದೇ ಊರುಗಳ ಬೋರಿನ ಆಳಕ್ಕೆ ಶ್ರೇಣಿ 2, 1, 3, 5, 4 ಬಂತು ಅನ್ನು. ಪ್ರತಿ ಊರಿನ ಎರಡು ಶ್ರೇಣಿಗಳ ವ್ಯತ್ಯಾಸದ ವರ್ಗ ಕೂಡಿಸು.

ವಿದ್ಯಾರ್ಥಿನಿ: ನಾಲ್ಕು.

ಶಿಕ್ಷಕರು: ಅದನ್ನು ಆರರಿಂದ ಗುಣಿಸು, 24. ಊರುಗಳ ಸಂಖ್ಯೆ ಐದು. ಐದರ ವರ್ಗದಲ್ಲಿ ಒಂದು ಕಳೆದು ಐದರಿಂದ ಗುಣಿಸಿದರೆ 120. ಭಾಗಿಸಿ ಒಂದರಿಂದ ಕಳೆದರೆ 0.8. ಒಂದಕ್ಕೆ ಹತ್ತಿರ ಬಂದರೆ ಎರಡೂ ಜೊತೆಯಾಗಿ ಏರುತ್ತವೆ. ಸೊನ್ನೆಯ ಹತ್ತಿರವಾದರೆ ನಂಟು ಕಾಣದು. ಋಣ ಒಂದರ ಕಡೆ ಹೋದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ.

ವಿದ್ಯಾರ್ಥಿನಿ: ಹಾಗಾದರೆ ಕಾಲುವೆಯ ದೂರವೇ ಕಾರಣ ಅಂತ ಬರೆಯಬಹುದಾ?

ಶಿಕ್ಷಕರು: ಬರೆಯಬೇಡ. ದೂರದ ಊರುಗಳ ಕೆಳಗೆ ಬಂಡೆ ಬೇರೆ ಇರಬಹುದು, ಅಲ್ಲಿ ಬೋರುಗಳೇ ಹೆಚ್ಚು ಕೊರೆದಿರಬಹುದು, ಹತ್ತಿರದ ಕೆರೆ ತುಂಬಿರಲಿಕ್ಕಿಲ್ಲ. ಐದು ಊರಿನ ಪಟ್ಟಿ ಬಹಳ ಚಿಕ್ಕದು ಕೂಡ. ಈ ಅಂಕಿ ನಿನ್ನನ್ನು ಹೊಲಕ್ಕೆ ಕಳಿಸಬೇಕು, ಅಷ್ಟೇ.

ಈ ಸರಳ ಲೆಕ್ಕಗಳೇ ಕೂಡಿ ಒಂದು ರಾಜ್ಯದ ಧೋರಣೆಗೆ ಆಧಾರವಾದದ್ದುಂಟು. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ರಸ್ತೆ, ಆರೋಗ್ಯ, ಶಿಕ್ಷಣ ಮುಂತಾದವುಗಳಿಂದ 35 ಸೂಚಕಗಳನ್ನು ಆರಿಸಿ, ಪ್ರತಿ ತಾಲ್ಲೂಕಿನ ಅಂಕಿಯನ್ನು ರಾಜ್ಯದ ಸರಾಸರಿಗೆ ಹೋಲಿಸಿ, ತೂಕ ಕೊಟ್ಟು, ಒಂದೇ ಸೂಚ್ಯಂಕ ಮಾಡಿತು. ರಾಜ್ಯದ ಸರಾಸರಿ 1. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗೆ ಬಿದ್ದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ವಿದ್ಯಾರ್ಥಿನಿ: ಆಗ ತಿಕೋಟಾ, ಬಬಲೇಶ್ವರ ತಾಲ್ಲೂಕು ಆಗಿರಲಿಲ್ಲವಲ್ಲ?

ಶಿಕ್ಷಕರು: ಆಗಿರಲಿಲ್ಲ. ಎರಡೂ ವಿಜಯಪುರ ತಾಲ್ಲೂಕಿನೊಳಗೆ, ನಗರದ ಜೊತೆಗೇ ಇದ್ದವು. ನಗರದ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳೆಲ್ಲ ತಾಲ್ಲೂಕಿನ ಸರಾಸರಿಗೆ ಸೇರುತ್ತಿದ್ದವು. ಆ ಸರಾಸರಿ ಹಳ್ಳಿಗಳಿಗೂ ಹಂಚಿದ ಹಾಗೆ ಕಾಣುತ್ತಿತ್ತು. ಅವು ಬೇರೆ ತಾಲ್ಲೂಕಾದಾಗ ಒಬ್ಬರೂ ಮನೆ ಬದಲಿಸಲಿಲ್ಲ, ಒಂದು ಎಕರೆಯೂ ಜಾಗ ಬಿಟ್ಟು ಕದಲಲಿಲ್ಲ. ಆದರೂ ಮೂರೂ ಕಡೆಯ ಸರಾಸರಿ, ಸಾಂದ್ರತೆ ಎಲ್ಲ ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ಗಡಿಯೊಳಗಿನ ಸರಾಸರಿ ಅಡಗಿಸುವುದನ್ನು ಚುಕ್ಕೆ ನಕ್ಷೆ ತಕ್ಕಮಟ್ಟಿಗೆ ಹೊರತೆಗೆಯುತ್ತದೆ. ತರಗತಿಯಲ್ಲಿ ಚುಕ್ಕೆಗೆ ಬದಲಾಗಿ ಜೋಳದ ಕಾಳು ಇಟ್ಟರೆ ತಪ್ಪಿದಾಗ ಎತ್ತಿ ಬೇರೆ ಕಡೆ ಇಡಬಹುದು.

ವಿದ್ಯಾರ್ಥಿನಿ: ಒಂದು ಕಾಳಿಗೆ 5,000 ಜನ ಅಂದರೆ ಜಿಲ್ಲೆಗೆಲ್ಲ 435 ಕಾಳು. ನಗರಕ್ಕೆ ಎಷ್ಟು?

ಶಿಕ್ಷಕರು: 2011ರಲ್ಲಿ ನಗರದ ಜನ ಸುಮಾರು 3.27 ಲಕ್ಷ. 65 ಕಾಳು.

ಅವಳು 65 ಕಾಳುಗಳನ್ನು ಎಣಿಸಿ ನಗರದ ಚಿಕ್ಕ ವೃತ್ತದೊಳಗೆ ಇಡಲು ಹೋದಳು. ಅವು ಹಿಡಿಸದೆ ಒಂದರ ಮೇಲೊಂದು ಗುಪ್ಪೆಯಾದವು. ಆಮೇಲೆ ತಿಕೋಟಾ ಕಡೆಗೆ ಕಾಳುಗಳನ್ನು ಸಮನಾಗಿ ಹರಡತೊಡಗಿದಳು.

ಶಿಕ್ಷಕರು: ಹಾಗೆ ಬಿತ್ತನೆ ಮಾಡಿದ ಹಾಗೆ ಎರಚಬೇಡ. ಜನ ಇರುವ ಊರು ಎಲ್ಲಿದೆ ನೋಡಿ ಇಡು.

ವಿದ್ಯಾರ್ಥಿನಿ: ಆದರೆ ಸಣ್ಣ ಊರಿಗೆ ಒಂದು ಕಾಳು ಪೂರ್ತಿ ಬರುವುದಿಲ್ಲ. ಎರಡೆರಡು ಸಾವಿರ ಜನರ ಎರಡು ಊರು, ಸಾವಿರ ಜನರ ಒಂದು ತಾಂಡಾ ಇದ್ದರೆ?

ಶಿಕ್ಷಕರು: ಮೂರೂ ಸೇರಿ 5,000, ಒಂದು ಕಾಳು. ಎಲ್ಲಿಡಬೇಕು ಎನ್ನುವುದಕ್ಕೂ ಸರಾಸರಿಯೇ ಬೇಕು. ನಕ್ಷೆಯ ಚೌಕಳಿಯಲ್ಲಿ ಮೊದಲ ಊರು ಅಡ್ಡಕ್ಕೆ 2, ಉದ್ದಕ್ಕೆ 3. ಎರಡನೆಯದು 6, 3. ತಾಂಡಾ 4, 8. ಪ್ರತಿಯೊಂದನ್ನೂ ಅದರ ಜನದ ತೂಕದಿಂದ ಗುಣಿಸು. ತೂಕ 2, 2, 1.

ವಿದ್ಯಾರ್ಥಿನಿ: ಅಡ್ಡಕ್ಕೆ ನಾಲ್ಕು, ಹನ್ನೆರಡು, ನಾಲ್ಕು, ಒಟ್ಟು 20, ಐದಕ್ಕೆ ಭಾಗಿಸಿದರೆ 4. ಉದ್ದಕ್ಕೆ ಆರು, ಆರು, ಎಂಟು. ಅದೂ 20, ಅದೂ 4. ನಾಲ್ಕು, ನಾಲ್ಕು. ಅಲ್ಲಿ ಯಾರೂ ಇಲ್ಲವಲ್ಲ ಸರ್, ಬರೀ ಹೊಲ.

ಶಿಕ್ಷಕರು: ಹೌದು, ಹೊಲವೇ. ಕಾಳು ಅಲ್ಲೇ ಇಡು. ನಕ್ಷೆಯ ಮೂಲೆಯಲ್ಲಿ ಬರೆ: ಒಂದು ಕಾಳು 5,000 ಜನ, ಅಕ್ಕಪಕ್ಕದ ಊರುಗಳನ್ನು ಕೂಡಿಸಿ ನಡುವೆ ಇಟ್ಟದ್ದು, ಜನಗಣತಿ 2011. ಕೆಳಗೆ ಆ ಮೂರು ಊರುಗಳ ಹೆಸರನ್ನೂ ಬರೆ.